ಹಳೆಯ ಗುಳಿಗೆ, ಗಡಿಯ ಊರು

"ಹೊಸಾವು ಇರಬೇಕಾದ್ರ ಹಳೇದ್ಯಾಕ ಕೊಡ್ತಾರ?" ಖಿನ್ನತೆಗೆ ಎರಡು ಮೂರು ಬಗೆಯ ಗುಳಿಗೆ ನುಂಗಿಯೂ ಮಗ ಹಾಸಿಗೆ ಬಿಟ್ಟು ಏಳದಿದ್ದಾಗ, ಆಂಧ್ರ-ಕರ್ನಾಟಕ ಗಡಿಯ ಕೌತಾಳಂ ಕಡೆಯ ತಾಯಿಯೊಬ್ಬಳು ಬಳ್ಳಾರಿಯಲ್ಲೋ ಕರ್ನೂಲಿನಲ್ಲೋ ವೈದ್ಯರ ಮುಂದೆ ಕುಳಿತು ಕೇಳಬಹುದಾದ ಪ್ರಶ್ನೆ ಇದು. ವೈದ್ಯರು ಅಮಿಟ್ರಿಪ್ಟಿಲಿನ್, ಇಮಿಪ್ರಮಿನ್ ಎಂಬ ಹೆಸರು ಎತ್ತಿರುತ್ತಾರೆ. ಅರವತ್ತು ವರ್ಷ ದಾಟಿದ ಔಷಧಗಳು. ಹಳೆಯದು ಎಂದರೆ ಕಡಿಮೆ ದರ್ಜೆಯದು, ಬಡವರಿಗೆಂದು ಉಳಿಸಿದ್ದು ಎಂಬ ಶಂಕೆ ಆ ಪ್ರಶ್ನೆಯೊಳಗಿದೆ. ಅದಕ್ಕೆ ತಾಳ್ಮೆಯಿಂದ ಉತ್ತರ ಕೊಡಬೇಕು. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಹೊಸ ಗುಳಿಗೆಗಳು ಸೋತಲ್ಲಿ ಹಳೆಯದನ್ನು ಕೇಳಿ ಪಡೆಯಬಹುದು, ಪಡೆಯಬೇಕು; ಆದರೆ ಹಳೆಯ ಔಷಧಕ್ಕೆ ಪಕ್ಕದಲ್ಲೇ ಕಾವಲು ಬೇಕು. ಗಡಿಯ ಮಂಡಲಗಳಲ್ಲಿ ಕೊರತೆಯಿರುವುದು ಆ ಕಾವಲಿನದು.

ಇಲ್ಲಿ ಎರಡು ಕಾಯಿಲೆ ಒಂದಕ್ಕೊಂದು ಹೆಣೆದುಕೊಂಡಿವೆ. ಖಿನ್ನತೆ ಎಂದರೆ ಏನೆಂದು ಈಗ ಸಾಕಷ್ಟು ಜನಕ್ಕೆ ಗೊತ್ತು. ಸಾಮಾಜಿಕ ಆತಂಕ ಹಾಗಲ್ಲ. ಮದುವೆ ಊಟದ ಪಂಕ್ತಿಯಲ್ಲಿ ಕುಳಿತರೆ ಎಲ್ಲರೂ ತನ್ನ ಕೈಯನ್ನೇ ನೋಡುತ್ತಿದ್ದಾರೆ ಎನಿಸುವುದು, ಬ್ಯಾಂಕಿನ ಕೌಂಟರಿನಲ್ಲಿ ಸಹಿ ಹಾಕುವಾಗ ಬೆರಳು ನಡುಗುವುದು, ಸಂದರ್ಶನಕ್ಕೆ ಹೊರಟವನು ಆದೋನಿ ಬಸ್‌ ಸ್ಟ್ಯಾಂಡಿನಿಂದಲೇ ಮನೆಗೆ ಹಿಂತಿರುಗುವುದು. ಮನೆಯವರು ಇದನ್ನು ಸಂಕೋಚದ ಸ್ವಭಾವ ಅನ್ನುತ್ತಾರೆ, ಹುಡುಗಿಯಾದರೆ ಒಳ್ಳೆಯ ಗುಣ ಅಂತಲೂ ಅನ್ನುತ್ತಾರೆ. ಅಮೆರಿಕದ ಮನೋವೈದ್ಯರ ರೋಗಪಟ್ಟಿಯೇ ಇದನ್ನು ಪ್ರತ್ಯೇಕ ಕಾಯಿಲೆ ಎಂದು ಸೇರಿಸಿಕೊಂಡಿದ್ದು 1980ರಲ್ಲಿ. ಹೆಚ್ಚಿನವರಲ್ಲಿ ಅದು ಹರೆಯದಲ್ಲಿ ಶುರುವಾಗುತ್ತದೆ, ಖಿನ್ನತೆ ವರ್ಷಗಳ ನಂತರ ಅದರ ಮೇಲೆ ಬಂದು ಕೂರುತ್ತದೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಕಾಲೇಜಿನಲ್ಲಿ ಇಂಗ್ಲಿಷ್ ಎಂಬ ಮೂರು ಬಾಗಿಲುಗಳ ಊರಿನಲ್ಲಿ ಬಾಯಿ ಬಿಡಲು ಅಂಜುವ ಹುಡುಗನಿಗೆ ಅಂಜಲು ಕಾರಣಗಳೂ ಹೆಚ್ಚು. ವೈದ್ಯರ ಮುಂದೆಯೂ ಅವನು ಮಾತಾಡುವುದಿಲ್ಲ. ತಾಯಿ ಮಾತಾಡುತ್ತಾಳೆ: ನಿದ್ದೆ ಇಲ್ಲ, ಊಟ ಸೇರುವುದಿಲ್ಲ ಎನ್ನುತ್ತಾಳೆ. ಚೀಟಿಯಲ್ಲಿ ಖಿನ್ನತೆಯಷ್ಟೇ ದಾಖಲಾಗುತ್ತದೆ, ಅದರ ಬೇರು ಹೊರಗುಳಿಯುತ್ತದೆ.

ಔಷಧಕ್ಕೆ ಬಗ್ಗದ ಖಿನ್ನತೆ ಎಂದು ವೈದ್ಯರು ಕರೆಯುವುದಕ್ಕೆ ಒಂದು ಅಳತೆಯಿದೆ. ಕನಿಷ್ಠ ಎರಡು ಬೇರೆ ಬೇರೆ ಔಷಧಗಳನ್ನು, ಸರಿಯಾದ ಪ್ರಮಾಣದಲ್ಲಿ, ಸಾಕಷ್ಟು ವಾರ ತೆಗೆದುಕೊಂಡೂ ಗುಣ ಕಾಣದಿರಬೇಕು. ಸಾಕಷ್ಟು ವಾರ ಎಂದರೆ ಹೆಚ್ಚುಕಡಿಮೆ ಆರು. ನಮ್ಮ ಕಡೆ ಈ ಅಳತೆ ತುಂಬುವುದೇ ಅಪರೂಪ. ಹದಿನೈದು ದಿನದ ಗುಳಿಗೆ ಮುಗಿಯುತ್ತದೆ, ಮತ್ತೆ ಹೋಗಲು ಬಸ್ಸಿನ ದುಡ್ಡು, ಒಂದು ದಿನದ ಕೂಲಿ ಎರಡೂ ಹೋಗಬೇಕು. ಸ್ವಲ್ಪ ನಿದ್ದೆ ಬಂದರೆ ಗುಣವಾಯಿತು ಎಂದು ಬಿಡುತ್ತಾರೆ, ಹೊಟ್ಟೆ ತೊಳಸಿದರೆ ಒಗ್ಗಲಿಲ್ಲ ಎಂದು ಬಿಡುತ್ತಾರೆ. ಮುಂಗಾರು ಬೆಳೆ ಮುಗಿದ ಮೇಲೆ ಕೌತಾಳಂ, ಕೋಸಿಗಿ, ಪೆದ್ದಕಡುಬೂರು, ಮಂತ್ರಾಲಯ ಮಂಡಲಗಳ ಸಂಸಾರಗಳು ಮೆಣಸಿನಕಾಯಿ ಬಿಡಿಸಲು ಗುಂಟೂರಿನ ಕಡೆಗೆ, ಕಟ್ಟಡದ ಕೆಲಸಕ್ಕೆ ಬೆಂಗಳೂರು, ಹೈದರಾಬಾದಿಗೆ ಗುಳೆ ಹೋಗುತ್ತವೆ. ಚೀಟಿ ಊರಿನಲ್ಲಿ ಉಳಿಯುತ್ತದೆ, ರೋಗಿ ಹೊಲದಂಚಿನ ಗುಡಿಸಲಿನಲ್ಲಿರುತ್ತಾನೆ.

ಆದ್ದರಿಂದ ಹಳೆಯ ಔಷಧಕ್ಕೆ ಹೋಗುವ ಮೊದಲು ಕೇಳಬೇಕಾದದ್ದು: ಹೊಸದು ನಿಜವಾಗಿ ಸೋತಿತೇ? ಇದನ್ನು ವೈದ್ಯರಷ್ಟೇ ಮನೆಯವರೂ ಕೇಳಿಕೊಳ್ಳಬೇಕು. ಯಾವ ಗುಳಿಗೆ, ಎಷ್ಟು ಮಿಲಿಗ್ರಾಂ, ಎಷ್ಟು ವಾರ ಎಂದು ಹಳೆಯ ಚೀಟಿಗಳನ್ನೆಲ್ಲ ಒಟ್ಟು ಮಾಡಿ ಒಯ್ದರೆ ವೈದ್ಯರ ಅರ್ಧ ಕೆಲಸ ಮುಗಿದಂತೆ. ಥೈರಾಯ್ಡ್ ಕುಂದಿದೆಯೇ, ರಕ್ತಹೀನತೆ ಇದೆಯೇ, ಕುಡಿತವಿದೆಯೇ, ಹಿಂದೆ ಯಾವಾಗಲಾದರೂ ನಿದ್ದೆಯೇ ಬೇಡವೆನಿಸಿ ಮಾತು ಉಕ್ಕುತ್ತಿದ್ದ, ದುಡ್ಡು ಚೆಲ್ಲಾಡಿದ ದಿನಗಳಿದ್ದವೇ ಎಂಬುದನ್ನು ನೋಡಬೇಕು. ಕಡೆಯದು ಬೈಪೋಲಾರ್ ಕಾಯಿಲೆಯ ಗುರುತು. ಅಂಥವರಿಗೆ ಖಿನ್ನತೆಯ ಗುಳಿಗೆ ಮಾತ್ರ ಕೊಟ್ಟರೆ ಮನಸ್ಸು ಇನ್ನೊಂದು ತುದಿಗೆ ಹಾರಬಹುದು, ಹಳೆಯ ಗುಳಿಗೆಗಳಲ್ಲಿ ಆ ಅಪಾಯ ಹೆಚ್ಚು. ಇನ್ನೊಂದು ಗೊಂದಲವೂ ಸಾಮಾನ್ಯ. ತಲೆನೋವಿಗೆ, ನರದ ನೋವಿಗೆ, ನಿದ್ದೆಗೆ ರಾತ್ರಿ 10 ಅಥವಾ 25 ಮಿಲಿಗ್ರಾಂ ಅಮಿಟ್ರಿಪ್ಟಿಲಿನ್ ಬರೆದುಕೊಡುವ ರೂಢಿಯಿದೆ. ಖಿನ್ನತೆಗೆ ಅದನ್ನು ಸಾಮಾನ್ಯವಾಗಿ 75ರಿಂದ 150ರವರೆಗೆ ಮೆಲ್ಲಮೆಲ್ಲನೆ ಏರಿಸುತ್ತಾರೆ. ಅದನ್ನು ತಿಂದಿದ್ದೇವೆ, ಏನೂ ಆಗಲಿಲ್ಲ ಎನ್ನುವ ಎಷ್ಟೋ ಮಂದಿ ಖಿನ್ನತೆಗೆ ಅದನ್ನು ತಿಂದೇ ಇರುವುದಿಲ್ಲ.

ಈ ಔಷಧಗಳು ಬಂದ ದಾರಿ ಸ್ವಲ್ಪ ಗೊತ್ತಿರಬೇಕು, ಏಕೆಂದರೆ ಹಳೆಯ ಔಷಧ ಎಂದಾಗ ಒಂದು ಕುಲವಲ್ಲ, ಎರಡು ಕುಲ. 1952ರ ಸುಮಾರಿಗೆ ನ್ಯೂಯಾರ್ಕಿನ ಸೀ ವ್ಯೂ ಕ್ಷಯರೋಗ ಆಸ್ಪತ್ರೆಯಲ್ಲಿ ಇಪ್ರೋನಿಯಾಜಿಡ್ ಕೊಟ್ಟ ರೋಗಿಗಳ ಹಸಿವು ಹೆಚ್ಚಿತು, ಉತ್ಸಾಹ ಬಂತು. ಮಿದುಳಿನ ಸಂದೇಶವಾಹಕ ರಾಸಾಯನಿಕಗಳನ್ನು ಒಡೆದುಹಾಕುವ ಮೋನೋಅಮೈನ್ ಆಕ್ಸಿಡೇಸ್ ಎಂಬ ಕಿಣ್ವವನ್ನು ಅದು ತಡೆಯುತ್ತಿತ್ತು. 1957ರಲ್ಲಿ ನೇಥನ್ ಕ್ಲೈನ್ ಮತ್ತು ಸಂಗಡಿಗರು ಅದನ್ನು ಖಿನ್ನತೆಗೆ ಬಳಸಿದ ವರದಿ ಕೊಟ್ಟರು. ಯಕೃತ್ತಿಗೆ ಹಾನಿ ಮಾಡುತ್ತದೆಂದು ಅದು ಹಿಂದೆ ಸರಿಯಿತು. ಅದೇ ಕುಲದ ಫಿನೆಲ್ಜಿನ್, ಟ್ರಾನಿಲ್‌ಸಿಪ್ರೊಮಿನ್ ಉಳಿದವು. ಅದೇ 1957ರಲ್ಲಿ ಸ್ವಿಟ್ಜರ್ಲೆಂಡಿನ ಮ್ಯೂನ್‌ಸ್ಟರ್‌ಲಿಂಗನ್ ಆಸ್ಪತ್ರೆಯ ರೋಲಾಂಡ್ ಕೂನ್, ಬೇರೊಂದು ಕಾಯಿಲೆಗೆಂದು ಬಂದ ಇಮಿಪ್ರಮಿನ್ ಖಿನ್ನತೆಯನ್ನು ಇಳಿಸುತ್ತದೆ ಎಂದು ಪ್ರಕಟಿಸಿದರು. ಟ್ರೈಸೈಕ್ಲಿಕ್ ಕುಲ ಶುರುವಾದದ್ದು ಹೀಗೆ. ಅದೇ ಆಸ್ಪತ್ರೆಯಲ್ಲಿ ದಶಕಗಳ ಕಾಲ ರೋಗಿಗಳ ಒಪ್ಪಿಗೆಯನ್ನು ಸರಿಯಾಗಿ ಕೇಳದೆಯೇ ಔಷಧ ಪರೀಕ್ಷೆ ನಡೆಯಿತೆಂಬುದನ್ನು ಇತಿಹಾಸಕಾರರು 2019ರಲ್ಲಿ ಬಯಲಿಗೆ ತಂದರು. ಅದನ್ನು ಮರೆತು ಕೂನ್ ಅವರ ಶೋಧವನ್ನಷ್ಟೇ ಹೊಗಳುವುದು ನನಗೆ ಸರಿಕಾಣುವುದಿಲ್ಲ. ಇವತ್ತು ಹಳೆಯ ಗುಳಿಗೆಯನ್ನು ಮುಂದಿಡುವ ವೈದ್ಯರು ರೋಗಿಗೆ ಅವನ ಭಾಷೆಯಲ್ಲಿ ತಿಳಿಸಿ, ಒಪ್ಪಿಗೆ ಕೇಳಿ ಕೊಡಬೇಕೆಂಬ ಮಾತಿಗೆ ಈ ಇತಿಹಾಸವೇ ಆಧಾರ.

ಗುಣದ ಲೆಕ್ಕಕ್ಕೆ ಬಂದರೆ ತಾಯಿಯ ಶಂಕೆ ಕರಗಬೇಕು. 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ದೊಡ್ಡ ವಿಶ್ಲೇಷಣೆ 522 ಪ್ರಯೋಗಗಳನ್ನು, 1,16,477 ರೋಗಿಗಳನ್ನು ಒಟ್ಟುಗೂಡಿಸಿ 21 ಔಷಧಗಳನ್ನು ಹೋಲಿಸಿತು. ಪರಿಣಾಮದ ಅಂದಾಜಿನಲ್ಲಿ ಎಲ್ಲಕ್ಕಿಂತ ಮೇಲಿದ್ದದ್ದು ಅಮಿಟ್ರಿಪ್ಟಿಲಿನ್. ಅಂತರಗಳು ಸಣ್ಣವು, ಅಡ್ಡಪರಿಣಾಮ ತಾಳದೆ ಅದನ್ನು ಬಿಟ್ಟವರು ಹೆಚ್ಚು, ಇವೂ ನಿಜ. ಹೊಸ ಔಷಧಗಳು ಮುಂದೆ ಬಂದದ್ದು ಮುಖ್ಯವಾಗಿ ತಾಳಿಕೆಯ, ಸುರಕ್ಷತೆಯ ಕಾರಣಕ್ಕೆ. ಹೆಚ್ಚು ಗುಣ ಕೊಡುತ್ತವೆ ಎಂದು ಹಳೆಯದನ್ನು ಹಿಂದೆ ಹಾಕಿದ್ದಲ್ಲ.

ಆದರೆ ಹಿಂದಿನ ಔಷಧಗಳು ಸೋತ ಮೇಲೆ ಹಳೆಯದು ಎಷ್ಟು ಕೈಹಿಡಿಯುತ್ತದೆ? ಇಲ್ಲಿ ಆಸೆಯನ್ನು ಅಳೆದೇ ಕೊಡಬೇಕು. ಅಮೆರಿಕದಲ್ಲಿ ಸುಮಾರು 4,000 ರೋಗಿಗಳನ್ನು ಹಂತಹಂತವಾಗಿ ಅನುಸರಿಸಿದ ಸ್ಟಾರ್-ಡಿ ಅಧ್ಯಯನದ ಫಲಿತಾಂಶಗಳು 2006ರಲ್ಲಿ ಬಂದವು. ಎರಡು ಹಂತ ಸೋತು ಮೂರನೆಯ ಹಂತಕ್ಕೆ ಬಂದವರಲ್ಲಿ ಟ್ರೈಸೈಕ್ಲಿಕ್ ಕುಲದ ನಾರ್ಟ್ರಿಪ್ಟಿಲಿನ್ ಪಡೆದವರ ಪೈಕಿ ನೂರಕ್ಕೆ ಸುಮಾರು 20 ಮಂದಿ ಪೂರ್ತಿ ಚೇತರಿಸಿಕೊಂಡರು, ಹೊಸದಾದ ಮಿರ್ಟಜಪಿನ್ ಪಡೆದವರಲ್ಲಿ ಸುಮಾರು 12. ನಾಲ್ಕನೆಯ ಹಂತದಲ್ಲಿ ಟ್ರಾನಿಲ್‌ಸಿಪ್ರೊಮಿನ್ ಪಡೆದವರಲ್ಲಿ ಚೇತರಿಸಿಕೊಂಡವರು ನೂರಕ್ಕೆ 7 ಮಾತ್ರ. ಅಲ್ಲಿ ಕೊಟ್ಟ ಪ್ರಮಾಣ ಕಡಿಮೆಯಿತ್ತು ಎಂಬ ಆಕ್ಷೇಪಣೆಯಿದೆ. ಇಡೀ ಅಧ್ಯಯನದಲ್ಲಿ ನಾಲ್ಕು ಹಂತ ಸೇರಿ ಮೂರನೇ ಎರಡು ಭಾಗ ರೋಗಿಗಳು ಗುಣವಾದರು ಎಂದಿದ್ದ ಮೊದಲ ಲೆಕ್ಕವನ್ನು 2023ರ ಮರುವಿಶ್ಲೇಷಣೆ ಶೇಕಡ ಸುಮಾರು 35ಕ್ಕೆ ಇಳಿಸಿತು. ಐದರಲ್ಲಿ ಒಬ್ಬನಿಗೆ ಬೆಳಕು ಕಾಣುವುದೆಂದರೆ ನಾಲ್ವರಿಗೆ ಇಲ್ಲ ಎಂದೂ ಅರ್ಥ. ಆದರೂ ಎರಡು ವರ್ಷದಿಂದ ಮನೆ ಬಿಟ್ಟು ಹೊರಬರದವನಿಗೆ ಐದರಲ್ಲೊಂದು ಅವಕಾಶ ಸಣ್ಣದಲ್ಲ. ಫಲಿಸದಿದ್ದರೆ ಲಿಥಿಯಂ ಜೋಡಿಸುವುದು, ಅರಿವಳಿಕೆ ಕೊಟ್ಟು ಮಾಡುವ ವಿದ್ಯುತ್ ಚಿಕಿತ್ಸೆ ಮುಂತಾದ ದಾರಿಗಳೂ ಇವೆ.

ಸಾಮಾಜಿಕ ಆತಂಕಕ್ಕೆ ಬಂದಾಗ ಎರಡು ಕುಲಗಳ ವ್ಯತ್ಯಾಸ ನಿರ್ಣಾಯಕವಾಗುತ್ತದೆ. ನಮ್ಮಲ್ಲಿ ಅಗ್ಗವಾಗಿ ಸಿಗುವ ಟ್ರೈಸೈಕ್ಲಿಕ್ ಗುಳಿಗೆಗಳು ಖಿನ್ನತೆಗೆ ಒಳ್ಳೆಯವು, ಜನರ ಮುಂದಿನ ಅಂಜಿಕೆಗೆ ಹೆಚ್ಚು ಉಪಯೋಗವಿಲ್ಲ. ಇಮಿಪ್ರಮಿನ್ ಪರೀಕ್ಷಿಸಿ ನೋಡಿದವರು ನಿರಾಶರಾದರು. ನಿಜಕ್ಕೂ ಕೆಲಸ ಮಾಡಿದ ಹಳೆಯ ಔಷಧ ಇನ್ನೊಂದು ಕುಲದ ಫಿನೆಲ್ಜಿನ್. ನ್ಯೂಯಾರ್ಕಿನ ಮೈಕೆಲ್ ಲೀಬೊವಿಟ್ಜ್ ಮತ್ತು ಅವರ ಬಳಗ 1992ರಲ್ಲಿ ಅದನ್ನು ಅಟೆನೊಲಾಲ್ ಜೊತೆ ಹೋಲಿಸಿತು. ಫಿನೆಲ್ಜಿನ್ ಗೆದ್ದಿತು; ಎದೆಬಡಿತ ತಗ್ಗಿಸುವ ಅಟೆನೊಲಾಲ್ ಔಷಧವಿಲ್ಲದ ಸುಳ್ಳು ಗುಳಿಗೆಗಿಂತ ಹೆಚ್ಚೇನೂ ಮಾಡಲಿಲ್ಲ. ಕೈನಡುಕಕ್ಕೆಂದು ವರ್ಷಗಟ್ಟಲೆ ಅದೇ ಜಾತಿಯ ಪ್ರೊಪ್ರನಲಾಲ್ ನುಂಗುತ್ತಿರುವವರು ಇದನ್ನು ತಿಳಿಯಬೇಕು. ಒಂದು ಭಾಷಣದ ನಡುಕಕ್ಕೆ ಅದು ಆಗಬಹುದು, ಬದುಕನ್ನೇ ಹಿಡಿದ ಅಂಜಿಕೆಗೆ ಆಗದು. 1998ರಲ್ಲಿ ರಿಚರ್ಡ್ ಹೈಂಬರ್ಗ್ ಮತ್ತು ಲೀಬೊವಿಟ್ಜ್ 133 ರೋಗಿಗಳ ಮೇಲೆ ಇನ್ನೊಂದು ಅಧ್ಯಯನ ಪ್ರಕಟಿಸಿದರು: ಹಲವು ಗುಂಪುಗಳ ಪೈಕಿ ಒಂದಕ್ಕೆ ಫಿನೆಲ್ಜಿನ್, ಇನ್ನೊಂದಕ್ಕೆ ಗುಂಪಿನಲ್ಲಿ ಕೂಡಿಸಿ ಮಾಡುವ ಅರಿವು-ವರ್ತನೆ ಚಿಕಿತ್ಸೆ. ಹನ್ನೆರಡು ವಾರದ ಕೊನೆಗೆ ಎರಡರಲ್ಲೂ ಗುಣ ಕಂಡವರ ಪ್ರಮಾಣ ಹೆಚ್ಚುಕಡಿಮೆ ಒಂದೇ. ಔಷಧ ಬೇಗ ಹಿಡಿಯಿತು. ಆದರೆ ಚಿಕಿತ್ಸೆ ನಿಂತ ಮೇಲೆ ಮತ್ತೆ ಕುಸಿದವರು ಔಷಧದ ಗುಂಪಿನಲ್ಲೇ ಹೆಚ್ಚು. ನನಗೆ ಇದು ಇಡೀ ವಿಷಯದ ಅತ್ಯಂತ ಬೆಲೆಯುಳ್ಳ ಸಂಗತಿ. ಮಾತಿನ ಚಿಕಿತ್ಸೆ ಹಳೆಯ ಔಷಧದಷ್ಟೇ ಬಲವುಳ್ಳದ್ದು, ಅದಕ್ಕಿಂತ ಬಾಳಿಕೆಯುಳ್ಳದ್ದು. ಆದರೆ ಅದನ್ನು ಮಾಡಲು ರೋಗಿಯ ಭಾಷೆ ಬಲ್ಲವರೇ ಬೇಕು.

ಫಿನೆಲ್ಜಿನ್ ನಮ್ಮ ಮೆಡಿಕಲ್ ಶಾಪುಗಳಲ್ಲಿ ಸಿಗುವ ಗುಳಿಗೆಯಲ್ಲ. ಸಿಕ್ಕರೆ ಎಷ್ಟು ಎಚ್ಚರ ಬೇಕು ಎಂಬುದಕ್ಕೆ ಅದರ ಚರಿತ್ರೆಯೇ ಸಾಕ್ಷಿ. 1960ರ ದಶಕದ ಆರಂಭದಲ್ಲಿ ಬ್ರಿಟನ್ನಿನಲ್ಲಿ ಈ ಕುಲದ ಗುಳಿಗೆ ನುಂಗುತ್ತಿದ್ದವರಿಗೆ ಇದ್ದಕ್ಕಿದ್ದಂತೆ ತಲೆ ಸಿಡಿಯುವ ನೋವು, ರಕ್ತದೊತ್ತಡದ ಏರಿಕೆ, ಕೆಲವರಿಗೆ ಮಿದುಳಿನಲ್ಲಿ ರಕ್ತಸ್ರಾವ ಆಯಿತು. ಚೀಸ್ ತಿಂದ ಮೇಲೆ ತನ್ನ ಹೆಂಡತಿಗೆ ಹೀಗಾಗುತ್ತದೆ ಎಂದು ಔಷಧಶಾಲೆಯವರೊಬ್ಬರು ಬರೆದ ಪತ್ರ ಬ್ಯಾರಿ ಬ್ಲ್ಯಾಕ್‌ವೆಲ್ ಎಂಬ ಯುವ ವೈದ್ಯರನ್ನು ಕೆಣಕಿತು, 1963ರಲ್ಲಿ ಅವರು ಕಾರಣ ಹಿಡಿದರು. ಹಳೆಯ ಚೀಸ್‌ನಲ್ಲಿರುವ ಟೈರಮಿನ್ ಎಂಬ ವಸ್ತುವನ್ನು ಒಡೆಯುವುದೂ ಅದೇ ಮೋನೋಅಮೈನ್ ಆಕ್ಸಿಡೇಸ್ ಕಿಣ್ವ; ಕಿಣ್ವ ತಡೆದರೆ ಟೈರಮಿನ್ ರಕ್ತಕ್ಕೆ ನುಗ್ಗುತ್ತದೆ. ನಮ್ಮ ಜೋಳದ ರೊಟ್ಟಿ, ಶೇಂಗಾ ಪುಡಿ, ತಾಜಾ ಮೊಸರಿನ ತಟ್ಟೆಯಲ್ಲಿ ಹಳೆಯ ಚೀಸ್ ಇಲ್ಲ, ಒಣಮೀನಿನಂಥವನ್ನು ಬಿಟ್ಟರೆ ಊಟದಿಂದ ಬರುವ ಅಪಾಯ ಕಡಿಮೆ. ಅಪಾಯ ಇರುವುದು ಅಂಗಡಿಯಲ್ಲಿ. ಚೀಟಿಯಿಲ್ಲದೆ ಕೇಳಿ ಪಡೆಯುವ ನೆಗಡಿ ಗುಳಿಗೆಯಲ್ಲಿ ಫಿನೈಲೆಫ್ರಿನ್, ಕೆಮ್ಮಿನ ಸಿರಪ್ಪಿನಲ್ಲಿ ಡೆಕ್ಸ್ಟ್ರೊಮೆಥಾರ್ಫನ್, ನೋವಿಗೆ ಕೊಡುವ ಟ್ರಮಡಾಲ್, ಇವು ಫಿನೆಲ್ಜಿನ್ ಕುಲದ ಔಷಧದೊಂದಿಗೆ ಸೇರಿದರೆ ಜೀವಕ್ಕೇ ಕುತ್ತು. ಹೊಸ ಖಿನ್ನತೆ ಗುಳಿಗೆಗಳೊಂದಿಗೂ ಇದನ್ನು ಬೆರೆಸುವಂತಿಲ್ಲ. ನಡುವೆ ಸಾಮಾನ್ಯವಾಗಿ ಎರಡು ವಾರ, ಫ್ಲೂಕ್ಸೆಟಿನ್ ಆದರೆ ಐದು ವಾರ ಬಿಡುವು ಕೊಡಬೇಕು. ಜ್ವರ ಬಂದರೆ ಊರಿನ ಆರ್‌ಎಂಪಿ ವೈದ್ಯನ ಹತ್ತಿರ ಹೋಗಿ ಸೂಜಿ ಚುಚ್ಚಿಸಿಕೊಳ್ಳುವುದೇ ವೈದ್ಯವಾಗಿರುವ ಹಳ್ಳಿಯಲ್ಲಿ, ಯಾರ ಮೇಲ್ವಿಚಾರಣೆಯೂ ಇಲ್ಲದೆ ಈ ಔಷಧ ಕೊಡಬಾರದು ಎಂದೇ ನನ್ನ ಅಭಿಪ್ರಾಯ. ಇಲ್ಲಿ ನಾನು ಹಳೆಯದರ ಪರ ವಾದಿಸಲಾರೆ.

ಹಾಗಾದರೆ ಈ ಸೀಮೆಯಲ್ಲಿ ನಿಜವಾದ ಆಯ್ಕೆ ಟ್ರೈಸೈಕ್ಲಿಕ್. ಅದಕ್ಕೂ ಷರತ್ತುಗಳಿವೆ. ಬಾಯಿ ಒಣಗುತ್ತದೆ, ಮಲಬದ್ಧತೆಯಾಗುತ್ತದೆ, ವಯಸ್ಸಾದ ಗಂಡಸರಿಗೆ ಮೂತ್ರ ಕಟ್ಟಬಹುದು, ಕಣ್ಣಿನ ಒತ್ತಡವಿದ್ದವರಿಗೆ ತೊಂದರೆ, ಥಟ್ಟನೆ ಎದ್ದರೆ ತಲೆ ಸುತ್ತುತ್ತದೆ. ಹೃದಯದ ಬಡಿತದ ಲಯ ಕೆಡಿಸಬಲ್ಲದು, ಅದಕ್ಕೆ ಇಸಿಜಿ ತೆಗೆಸಬೇಕು. ಪುಸ್ತಕಗಳಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುವ ಇನ್ನೊಂದು ಪರಿಣಾಮ ನಮ್ಮ ಸೀಮೆಗೆ ಬಹಳ ಮುಖ್ಯ: ಕೆಲವರಲ್ಲಿ ಬೆವರು ಕಡಿಮೆಯಾಗಬಹುದು. ಬೇಸಿಗೆಯಲ್ಲಿ ಇಡೀ ದಿನ ಮೆಣಸಿನಕಾಯಿ ಬಿಡಿಸುವ ಹೆಣ್ಣುಮಗಳಿಗೆ, ಕಲ್ಲು ಹೊರುವ ಯುವಕನಿಗೆ ಬಿಸಿಲಿನ ಹೊಡೆತ ತಗಲುವ ಅಪಾಯ ಇದರಿಂದ ಏರುತ್ತದೆ. ಗುಳಿಗೆ ಬರೆಯುವವರು ನೀನು ಯಾವ ಕೆಲಸ ಮಾಡುತ್ತೀ, ಯಾವ ತಿಂಗಳು ಎಲ್ಲಿರುತ್ತೀ ಎಂದು ಕೇಳದಿದ್ದರೆ ಅದು ಅರ್ಧ ಚಿಕಿತ್ಸೆ.

ಎಲ್ಲಕ್ಕಿಂತ ಭಾರವಾದದ್ದು, ಟ್ರೈಸೈಕ್ಲಿಕ್ ಗುಳಿಗೆಗಳು ಪ್ರಮಾಣ ಮೀರಿದರೆ ಹೊಸ ಗುಳಿಗೆಗಳಿಗಿಂತ ಬಹಳ ಹೆಚ್ಚು ವಿಷಕಾರಿ. ಬದುಕು ಸಾಕೆನಿಸಿದವನ ಕೈಗೆ ಅವನ್ನು ಒಟ್ಟಾಗಿ ಕೊಟ್ಟು ಕಳಿಸುವಂತಿಲ್ಲ. ಮೊದಲ ವಾರಗಳಲ್ಲಿ ಸ್ವಲ್ಪಸ್ವಲ್ಪವೇ ಕೊಟ್ಟು, ಮನೆಯ ನಂಬಿಕೆಯ ಒಬ್ಬರ ಕೈಯಲ್ಲಿರಿಸಬೇಕು. ಇದು ರೋಗಿಯ ಮೇಲಿನ ಅಪನಂಬಿಕೆಯಲ್ಲ. ಅವನ ಮನಸ್ಸು ಕಾಯಿಲೆಯಲ್ಲಿರುವಾಗ ಮನೆಯವರು ಪಕ್ಕದಲ್ಲಿ ನಿಲ್ಲುವ ಬಗೆ.

ಈ ಎಲ್ಲ ಕಾವಲಿಗೆ ಬೇಕಾದದ್ದು ದೊಡ್ಡ ಯಂತ್ರಗಳಲ್ಲ. ಮತ್ತೆ ಮತ್ತೆ ನೋಡಬಲ್ಲ ವೈದ್ಯರು, ಇಸಿಜಿ, ರಕ್ತಪರೀಕ್ಷೆ, ಕನ್ನಡ ತೆಲುಗು ಎರಡೂ ಬಲ್ಲ ಆಪ್ತಸಮಾಲೋಚಕರು. ಇದು ಅಸಾಧ್ಯವಲ್ಲವೆಂದು ತೋರಿಸಿಕೊಟ್ಟದ್ದು ನಮ್ಮ ಪಕ್ಕದ ಬಳ್ಳಾರಿಯೇ. 1985ರಿಂದ 1990ರವರೆಗೆ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಕೈಬೆರಳೆಣಿಕೆಯ ಔಷಧಗಳೊಂದಿಗೆ ಹಳ್ಳಿಯಲ್ಲೇ ಮಾನಸಿಕ ಚಿಕಿತ್ಸೆ ನಡೆಯುತ್ತದೆಂದು ಸಾಬೀತು ಮಾಡಿತು. ಹಳ್ಳಿಯ ವೈದ್ಯರಿಗೆ ಅಂದು ಖಿನ್ನತೆಗೆಂದು ಇದ್ದ ಮದ್ದು ಇದೇ ಟ್ರೈಸೈಕ್ಲಿಕ್ ಕುಲದ್ದು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳೂ ಹಿಂದೆ ಬಳ್ಳಾರಿ ಜಿಲ್ಲೆಯವೇ. 1953ರ ಅಕ್ಟೋಬರ್ 1ರಂದು ಅವು ಆಂಧ್ರಕ್ಕೆ ಸೇರಿದವು. ಮೂವತ್ತೆರಡು ವರ್ಷಗಳ ನಂತರ ಬಳ್ಳಾರಿಯಲ್ಲಿ ಆ ಪ್ರಯೋಗ ನಡೆದಾಗ ಸಿರುಗುಪ್ಪದ ಹಳ್ಳಿಗಳು ಅದರೊಳಗಿದ್ದವು, ಗಡಿಯ ಈಚೆಗಿನ ಕೌತಾಳಂ ಹೊರಗಿತ್ತು. ಯಾರನ್ನೂ ದೂರಲು ಈ ಮಾತು ಹೇಳುತ್ತಿಲ್ಲ. ಒಂದೇ ನೆಲ, ಒಂದೇ ಬೆಳೆ, ಒಂದೇ ಮಾತಿನ ಊರಿನಲ್ಲಿ ಆಗ ಆದದ್ದು ಈಗ ಇಲ್ಲಿಯೂ ಆದೀತು ಎಂದು ನೆನಪಿಸುತ್ತಿದ್ದೇನೆ.

ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಖಿನ್ನತೆಯುಳ್ಳವರಲ್ಲಿ ನೂರಕ್ಕೆ ಸುಮಾರು 85 ಮಂದಿ ಚಿಕಿತ್ಸೆಯಿಂದ ಹೊರಗಿದ್ದರು. ಆ ಸಮೀಕ್ಷೆ ನಡೆದ 12 ರಾಜ್ಯಗಳಲ್ಲಿ ಆಂಧ್ರವೂ ಇಲ್ಲ, ಕರ್ನಾಟಕವೂ ಇಲ್ಲ. ಉರುಕುಂದ ಈರಣ್ಣನ ಗುಡಿಗೆ ಶ್ರಾವಣದಲ್ಲಿ ಬರುವ ಲಕ್ಷಾಂತರ ಜನರಲ್ಲಿ, ಕೌತಾಳಂನ ಖಾದರ್‌ ಲಿಂಗ ಸ್ವಾಮಿ ದರ್ಗಾದಲ್ಲಿ ತಲೆಬಾಗುವವರಲ್ಲಿ ಇಂಥ ನೋವು ಹೊತ್ತವರಿಲ್ಲದೆ ಇಲ್ಲ. ಹರಕೆ ಬಿಡಿ ಎಂದು ಹೇಳಲು ನನಗೆ ಮನಸ್ಸಿಲ್ಲ. ಹರಕೆಯೂ ಇರಲಿ, ಗುಳಿಗೆಯೂ ಇರಲಿ. ಒಂದಕ್ಕಾಗಿ ಇನ್ನೊಂದನ್ನು ನಿಲ್ಲಿಸದಿದ್ದರೆ ಸಾಕು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಕಲಂ ಮಾನಸಿಕ ಚಿಕಿತ್ಸೆಯನ್ನು ಹಕ್ಕು ಎಂದಿದೆ. ಅಗತ್ಯ ಔಷಧಗಳ ಪಟ್ಟಿಯಲ್ಲಿರುವ ಮಾನಸಿಕ ಔಷಧಗಳು ಸಮುದಾಯ ಆರೋಗ್ಯ ಕೇಂದ್ರ ಮತ್ತು ಅದಕ್ಕೂ ಮೇಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸದಾ ಉಚಿತವಾಗಿ ಸಿಗಬೇಕು ಎಂದಿದೆ. ಅಮಿಟ್ರಿಪ್ಟಿಲಿನ್ ಆ ಪಟ್ಟಿಯಲ್ಲಿದೆ. ಹಾಗಾಗಿ ಆದೋನಿಯ ಸರ್ಕಾರಿ ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ ತಪ್ಪದೆ ಮನೋವೈದ್ಯರ ಭೇಟಿ, ಅಲ್ಲೇ ಇಸಿಜಿ, ಕನ್ನಡದಲ್ಲಿ ಮಾತಾಡಿ ಧೈರ್ಯ ಕಲಿಸುವವರು, ಗುಳೆ ಹೋದಾಗಲೂ ಗುಂಟೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ನಡೆಯುವಂಥ ಚೀಟಿ, ಇಷ್ಟನ್ನು ನಮ್ಮ ಶಾಸಕರು, ಜಿಲ್ಲಾಡಳಿತ ಖಚಿತಪಡಿಸಬೇಕು. ಹಳೆಯ ಔಷಧ ಅಪಾಯಕರ ಎಂದು ಬದಿಗಿಟ್ಟು ಕೈತೊಳೆದುಕೊಳ್ಳುವುದು ಸುಲಭ. ಹಾಗೆ ಬದಿಗಿಡುವಾಗ ಅದೊಂದೇ ದಾರಿ ಉಳಿದಿದ್ದ ರೋಗಿಯನ್ನೂ ಬದಿಗಿಟ್ಟಂತಾಗುತ್ತದೆ.

ಇದನ್ನು ಓದುತ್ತಿರುವವರ ಮನೆಯಲ್ಲಿ ಅಂಥವರಿದ್ದರೆ ಗುಳಿಗೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಏರಿಸಲೂ ಬೇಡಿ. ಹಳೆಯ ಚೀಟಿಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಮನೋವೈದ್ಯರ ಹತ್ತಿರ ಹೋಗಿ, ಖಿನ್ನತೆಯ ಜೊತೆಗೆ ಜನರ ಮುಂದಿನ ಅಂಜಿಕೆಯನ್ನೂ ಹೇಳಿ, ಹಳೆಯ ಗುಳಿಗೆ ಆಗುತ್ತದೆಯೇ ಎಂದು ನೇರವಾಗಿ ಕೇಳಿ. ಅಲ್ಲಿಯವರೆಗೆ ಮಾತಾಡಲು ಯಾರೂ ಸಿಗದಿದ್ದರೆ, ಸಾಯುವ ಯೋಚನೆ ಬರುತ್ತಿದ್ದರಂತೂ ತಡಮಾಡದೆ, 14416ಕ್ಕೆ ಕರೆ ಮಾಡಿ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆ ಅದು. ಕರೆಗೆ ದುಡ್ಡಿಲ್ಲ, ಹಗಲು ರಾತ್ರಿ ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಮಾತಾಡುತ್ತಾರೆ.